ಹೀರೋ ಮೂಗಿಗೆ ಇಲ್ಲದ ಜಿಡ್ಡು ನಮ್ಮ ಮೂಗಿಗೇ ಯಾಕೆ?

ತೆರೆಯ ಮೇಲೆ ಹೀರೋ ಹತ್ತು ಜನ ರೌಡಿಗಳನ್ನು ಎತ್ತಿ ಒಗೆದಿದ್ದಾನೆ. ಶರಟು ಹರಿದಿದೆ. ತುಟಿಯಂಚಿನಲ್ಲಿ ರಕ್ತ. ಹಣೆಯ ಮೇಲೆ ನಾಲ್ಕು ಹನಿ ಬೆವರು. ಎಷ್ಟೋ ಸಲ ಅದೂ ಮೇಕಪ್‌ನವರು ಗ್ಲಿಸರಿನ್ ಚಿಮುಕಿಸಿ ಕೂರಿಸಿದ್ದೇ! ಆದರೆ ಮೂಗಿನ ಮೇಲೆ ಜಿಡ್ಡು? ಊಹೂಂ, ಎಷ್ಟು ಹುಡುಕಿದರೂ ಸಿಗೋದಿಲ್ಲ.

ಅದೇ ಮ್ಯಾಟಿನಿ ಮುಗಿಸಿ ಹೊರಗೆ ಬಂದ ನಮ್ಮ ಹುಡುಗರನ್ನು ನೋಡಿ. ಸ್ಟ್ಯಾಂಡಿನಲ್ಲಿ ನಿಂತ ಯಾರದೋ ಬೈಕಿನ ಕನ್ನಡಿಗೆ ಬಗ್ಗಿ, ಕರ್ಚೀಫಿನಿಂದ ಹಣೆ, ಮೂಗು, ಗದ್ದ ಎಲ್ಲ ಉಜ್ಜುತ್ತಾರೆ. ಕರ್ಚೀಫು ಕಪ್ಪಾಗುತ್ತೆ. ಬಸ್ಸು ಬರುವ ಹೊತ್ತಿಗೆ ಮುಖ ಮತ್ತೆ ಮಿರಮಿರ! ಜೊತೆಗೆ ಕೆನ್ನೆಯ ಮೇಲೆ ಎರಡು ಮೊಡವೆ ಬೇರೆ. ‘ನನ್ನ ಮುಖವೇ ಸರಿಯಿಲ್ಲ’ ಅನ್ನೋ ತೀರ್ಮಾನ ಆಗಿಹೋಗುತ್ತೆ.

ಸಿನಿಮಾ ಸುದ್ದಿ ಬರೆದು ಹೊಟ್ಟೆ ಹೊರೆಯುವ ನನಗೆ ಈ ಚರ್ಮದ ಉಸಾಬರಿ ಯಾಕೆ ಅಂತ ಕೇಳಬಹುದು. ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು ನಾನು; ಡಾಕ್ಟರಿಕೆ ಮಾಡಲು ಹೊರಟಿಲ್ಲ. ಆದರೆ ಶೂಟಿಂಗ್ ನಡೆಯುವ ಕಡೆ ಗಂಟೆಗಟ್ಟಲೆ ನಿಂತು ಒಂದು ಸಂಗತಿ ಕಣ್ಣಾರೆ ಕಂಡಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಓದುಗರ ಮುಖಗಳನ್ನೂ ಕಂಡಿದ್ದೇನೆ. ಎರಡರ ನಡುವೆ ಒಂದು ದೊಡ್ಡ ಸುಳ್ಳು ಕೂತಿದೆ. ಆ ಸುಳ್ಳಿಗಾಗಿ ಹುಡುಗರು ದುಡ್ಡನ್ನೂ ಮುಖವನ್ನೂ ಕಳೆದುಕೊಳ್ತಿದ್ದಾರೆ. ಅದಕ್ಕೇ ಈ ಬರಹ.

ಪಫ್ ಹಿಡಿದ ಕೈ

ಸೆಟ್ಟಿನಲ್ಲಿ ‘ಕಟ್’ ಅಂದ ಕೂಡಲೇ ಮೊದಲು ಓಡಿ ಬರೋದು ಯಾರು? ನಿರ್ದೇಶಕರಲ್ಲ, ಕ್ಯಾಮರಾಮನ್ ಅಲ್ಲ. ಟಚಪ್ ಹುಡುಗ! ಒಂದು ಕೈಲಿ ಕನ್ನಡಿ, ಇನ್ನೊಂದು ಕೈಲಿ ಪಫ್ಫು. ಹೀರೋ ಮುಖದ ಜಿಡ್ಡನ್ನು ಕಾಗದಕ್ಕೆ ಒತ್ತಿ ತೆಗೆದು, ಮೇಲೆ ಪೌಡರ್ ತಟ್ಟಿ ಸರಿಯುತ್ತಾನೆ. ಮುಂದಿನ ಶಾಟ್ ಮುಗಿದರೆ ಮತ್ತೆ ಹಾಜರ್. ದೀಪಗಳ ಕಾವಿಗೆ ಹೀರೋ ಮೂಗೂ ನಿಮ್ಮ ಮೂಗಿನಷ್ಟೇ ಹೊಳೆಯುತ್ತೆ ಸ್ವಾಮಿ. ಹೊಳೆಯೋ ಹೊತ್ತಿನಲ್ಲಿ ಕ್ಯಾಮರಾ ಓಡ್ತಾ ಇರೋದಿಲ್ಲ, ಅಷ್ಟೇ.

ಈ ಜಿಡ್ಡಿನ ಜೊತೆ ಸಿನಿಮಾದ ಜಗಳ ಇವತ್ತಿನದಲ್ಲ. 1930ರ ದಶಕದಲ್ಲಿ ಹಾಲಿವುಡ್ಡಿಗೆ ಟೆಕ್ನಿಕಲರ್ ಬಂದಾಗ ದೊಡ್ಡ ಪೇಚಾಟ ಆಯಿತು. ಅಲ್ಲಿಯವರೆಗೆ ನಟನಟಿಯರು ಬಳಿದುಕೊಳ್ತಿದ್ದದ್ದು ಗ್ರೀಸ್‌ಪೇಂಟ್. ಹೆಸರೇ ಹೇಳುವಂತೆ ಜಿಡ್ಡಿನ ಬಣ್ಣ. ಕಪ್ಪು-ಬಿಳುಪಿನಲ್ಲಿ ಹೇಗೋ ನಡೆದುಹೋಗಿತ್ತು. ಬಣ್ಣದ ಕ್ಯಾಮರಾ ಮುಂದೆ ಅದು ಥಳಥಳ ಹೊಳೆದು, ಸುತ್ತಲಿನ ಬಟ್ಟೆ ಗೋಡೆಗಳ ಬಣ್ಣವನ್ನೆಲ್ಲ ಮುಖದ ಮೇಲೆ ಎಳೆದು ತಂದಿತು! ಆಗ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಹೊಳಪಿಲ್ಲದ ಹೊಸ ಬಣ್ಣ ತಯಾರಿಸಿತು. ಒದ್ದೆ ಸ್ಪಂಜಿನಲ್ಲಿ ಹಚ್ಚುವ ಬಿಲ್ಲೆ, ಹೆಸರು ಪ್ಯಾನ್‌ಕೇಕ್. 1937ರಲ್ಲಿ ಬಂದ ‘ವೋಗ್ಸ್ ಆಫ್ 1938’ ಚಿತ್ರದಲ್ಲಿ ಅದು ತೆರೆ ಕಂಡಿತು. ಮರುವರ್ಷ ಅಂಗಡಿಗೂ ಬಂತು.

ಅಲ್ಲಿಂದ ನಮ್ಮ ಮದ್ರಾಸಿಗೆ ಬರಲು ತಡವಾಗಲಿಲ್ಲ. ಜೆಮಿನಿ ಸ್ಟುಡಿಯೋದಲ್ಲಿ ಕೆಲಸ ಮಾಡಿದ್ದ ತಮಿಳು ಲೇಖಕ ಅಶೋಕಮಿತ್ರನ್, ಅಲ್ಲಿ ಪ್ಯಾನ್‌ಕೇಕನ್ನು ಲಾರಿಗಟ್ಟಲೆ ಖರೀದಿ ಮಾಡ್ತಿದ್ದ ಕಾಲವನ್ನು ನೆನೆದು ಬರೆದಿದ್ದಾರೆ. ಆಗ ಕನ್ನಡ ಚಿತ್ರಗಳ ಚಿತ್ರೀಕರಣವೂ ಬಹುಪಾಲು ಮದ್ರಾಸಿನಲ್ಲೇ ಅನ್ನೋದು ನಿಮಗೆ ಗೊತ್ತಿರುವ ವಿಷಯ. ಈಗಂತೂ ಪಫ್ಫಿನ ಮೇಲೆ ಕಂಪ್ಯೂಟರ್ ಬೇರೆ ಬಂದಿದೆ. ಶೂಟಿಂಗ್ ಮುಗಿದ ಮೇಲೂ ಮುಖವನ್ನು ನುಣುಪು ಮಾಡ್ತಾರೆ. ನಿಮ್ಮ ಕೈಯ ಮೊಬೈಲು ಕೂಡ ಕೇಳದೇ ಅದೇ ಕೆಲಸ ಮಾಡುತ್ತೆ. ಇಂಥ ಮುಖದ ಜೊತೆ ನಿಮ್ಮ ಹಸಿ ಮುಖವನ್ನು ಹೋಲಿಸಿಕೊಂಡರೆ ಗೆಲ್ಲೋದುಂಟೇ?

ಎಣ್ಣೆ ಬರೋದು ಎಲ್ಲಿಂದ?

ಮೊದಲು ಒಂದು ಮಾತು. ಬೆವರು ಬೇರೆ, ಎಣ್ಣೆ ಬೇರೆ. ಬೆವರು ನೀರು, ಗಾಳಿಗೆ ಆರುತ್ತೆ. ಎಣ್ಣೆ ಆರೋದಿಲ್ಲ. ಎರಡೂ ಬೇರೆ ಬೇರೆ ಗ್ರಂಥಿಗಳಿಂದ ಬರುವಂಥವು.

ಚರ್ಮದಲ್ಲಿ ಕೂದಲಿನ ಬುಡಕ್ಕೆ ಅಂಟಿಕೊಂಡು ಪುಟ್ಟ ತೈಲಗ್ರಂಥಿಗಳಿವೆ. ಅಂಗೈ, ಅಂಗಾಲಿನಲ್ಲಿ ಒಂದೂ ಇಲ್ಲ. ಮುಖ ಮತ್ತು ನೆತ್ತಿಯಲ್ಲಿ ಮಾತ್ರ ಸಂತೆ! ಒಂದು ಚದರ ಸೆಂಟಿಮೀಟರಿನಲ್ಲಿ, ಅಂದರೆ ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ, 400ರಿಂದ 900 ಗ್ರಂಥಿ. ಅವುಗಳೊಳಗಿನ ಜೀವಕೋಶಗಳು ಎಣ್ಣೆ ತುಂಬಿಕೊಂಡು ಉಬ್ಬುತ್ತವೆ, ಆಮೇಲೆ ಒಡೆದು ತಾವೇ ಎಣ್ಣೆಯಾಗಿ ಹೊರಗೆ ಹರಿಯುತ್ತವೆ. ಇದಕ್ಕೆ ಸೀಬಮ್ ಅಂತ ಹೆಸರು. ಇದು ಕೊಳೆಯಲ್ಲ ಗೆಳೆಯರೇ! ಚರ್ಮ ಬಿರಿಯದಂತೆ, ಕೂದಲು ಒಣಗದಂತೆ ಕಾಪಾಡುವ ಲೇಪ. ಅಳತೆ ಮೀರಿದಾಗ ಮಾತ್ರ ತಲೆನೋವು.

ಈ ಗ್ರಂಥಿಗಳ ಯಜಮಾನ ಯಾರು? ಗಂಡು ಹಾರ್ಮೋನು. ಮಗುವಾಗಿದ್ದಾಗ ಅವು ಮಲಗಿರುತ್ತವೆ. ಪ್ರಾಯ ಬಂದು, ದನಿ ಒಡೆದು, ಮೀಸೆ ಚಿಗುರುವ ಹೊತ್ತಿಗೆ ಟೆಸ್ಟೋಸ್ಟೆರೋನ್ ಅವುಗಳನ್ನು ಎಬ್ಬಿಸುತ್ತೆ. ಗ್ರಂಥಿ ದಪ್ಪವಾಗುತ್ತೆ, ಎಣ್ಣೆ ಉಕ್ಕುತ್ತೆ. ನಿಮಗೆ ಮೀಸೆ ಕೊಟ್ಟವನೇ ಜಿಡ್ಡನ್ನೂ ಕೊಟ್ಟ! ಹೆಣ್ಣುಮಕ್ಕಳ ಮೈಯಲ್ಲೂ ಈ ಹಾರ್ಮೋನು ಸ್ವಲ್ಪ ಇರುತ್ತೆ. ಅದಕ್ಕೇ ಅವರಿಗೂ ಮೊಡವೆ ತಪ್ಪಿದ್ದಲ್ಲ.

ಇದಕ್ಕೆ ಸಾಕ್ಷಿಯೂ ಉಂಟು. 1941ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಎಂಬ ವಿಜ್ಞಾನಿ, ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡಿದ್ದ ಗಂಡಸರನ್ನು ಪರೀಕ್ಷಿಸಿದ. ಅವರಿಗೆ ಮೊಡವೆ ಇರಲಿಲ್ಲ. ಗಂಡು ಹಾರ್ಮೋನು ಕೊಟ್ಟಾಗ ಕೆಲವರಿಗೆ ಮೊಡವೆ ಬಂತು. ಅಲ್ಲಿಗೆ ‘ಕೆಟ್ಟ ಯೋಚನೆ ಮಾಡಿದರೆ ಮೊಡವೆ’, ‘ಕೆಟ್ಟ ಅಭ್ಯಾಸದಿಂದ ಮೊಡವೆ’, ‘ಮದುವೆ ಮಾಡಿದರೆ ಎಲ್ಲಾ ಸರಿಹೋಗುತ್ತೆ’ ಅನ್ನೋ ಕಟ್ಟೆಪುರಾಣಗಳಿಗೆಲ್ಲ ಶುಭಂ!

ಉರಿಗೆ ತುಪ್ಪ ಸುರಿಯೋರು

ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬನ ಮುಖ ಒಣಗಿದೆ, ಇನ್ನೊಬ್ಬನದು ಜಿಡ್ಡು. ಯಾಕೆ? ಮೊದಲ ಕಾರಣ ವಂಶ. ಅಪ್ಪನ ಹಳೇ ಫೋಟೋ ತೆಗೆದು ನೋಡಿ, ಅರ್ಧ ಉತ್ತರ ಅಲ್ಲೇ ಸಿಗಬಹುದು.

ಎರಡನೆಯದು ಸೆಕೆ. ಚರ್ಮದ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಹೊರಗೆ ಹರಿಯುವ ಎಣ್ಣೆ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚುತ್ತೆ ಅಂತ 1970ರಲ್ಲೇ ಇಂಗ್ಲೆಂಡಿನ ಸಂಶೋಧಕರು ಅಳೆದಿದ್ದಾರೆ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಮುಖ ಹೊಳೆಯದೇ ಇನ್ನೇನು ಮಾಡೀತು? ಮಂಗಳೂರಿನ ಕಡೆ ಬೆವರೂ ಸೇರಿಕೊಂಡು ಡಬಲ್ ಆ್ಯಕ್ಟಿಂಗ್.

ಮೂರನೆಯದು ನಾವೇ ತಲೆಗೆ ಬಳಿದುಕೊಳ್ಳುವ ಎಣ್ಣೆ, ಜೆಲ್, ಕ್ರೀಮು. ಕ್ರಾಪು ನಿಲ್ಲಲೆಂದು ಹಚ್ಚಿದ್ದು ಹಣೆಗೆ ಇಳಿದು ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತೆ. ಹೆಲ್ಮೆಟ್ಟಿನ ಕೊಳೆಯಾದ ಪಟ್ಟಿಯೂ ಅದಕ್ಕೆ ಸಾಥ್ ಕೊಡುತ್ತೆ.

ಊಟದ ವಿಷಯ? ‘ಬೋಂಡ ತಿಂದೆ, ಅದೇ ಎಣ್ಣೆ ಮುಖಕ್ಕೆ ಬಂತು’ ಅನ್ನೋದು ತಮಾಷೆ. ಹೊಟ್ಟೆಯಿಂದ ಮೂಗಿಗೆ ಪೈಪ್ ಹಾಕಿಲ್ಲ! ಆದರೆ ಸಕ್ಕರೆ, ಮೈದಾ, ತಂಪು ಪಾನೀಯಗಳಂಥ, ರಕ್ತದಲ್ಲಿ ಸಕ್ಕರೆಯನ್ನು ದಿಢೀರ್ ಏರಿಸುವ ತಿನಿಸು ಕೆಲವರ ಮೊಡವೆಯನ್ನು ಹೆಚ್ಚಿಸುತ್ತೆ ಅಂತ ಅಧ್ಯಯನಗಳು ತೋರಿಸಿವೆ. ಜಿಮ್ಮಿನ ಹುಡುಗರು ಗಮನಿಸಬೇಕು: ವೇ ಪ್ರೋಟೀನ್ ಪುಡಿಯಿಂದ ಕೆಲವರಿಗೆ ಮೊಡವೆ ಏಳುತ್ತೆ. ಬಾಡಿ ಬೆಳೆಸಲು ಕದ್ದು ಚುಚ್ಚಿಸಿಕೊಳ್ಳುವ ಸ್ಟೆರಾಯ್ಡ್ ಇಂಜೆಕ್ಷನ್ನಂತೂ ನೇರ ಗಂಡು ಹಾರ್ಮೋನಿನ ಬಳಗ. ಎದೆ, ಬೆನ್ನು ತುಂಬ ಗಂಟು ಮೊಡವೆ ಖಾತ್ರಿ ಅಂತಲೇ ಇಟ್ಟುಕೊಳ್ಳಿ.

ನಿಮ್ಮದು ಯಾವ ತರಹ?

ಚರ್ಮವನ್ನು ಒಣ, ಎಣ್ಣೆ, ಸಾಮಾನ್ಯ ಅಂತ ವಿಂಗಡಿಸಿ ಜನಪ್ರಿಯ ಮಾಡಿದ ಕೀರ್ತಿ 20ನೇ ಶತಮಾನದ ಆರಂಭದಲ್ಲಿ ಸೌಂದರ್ಯವರ್ಧಕಗಳ ಸಾಮ್ರಾಜ್ಯ ಕಟ್ಟಿದ ಹೆಲೆನಾ ರೂಬಿನ್‌ಸ್ಟೈನ್ ಎಂಬಾಕೆಗೆ ಸಲ್ಲುತ್ತೆ. ವ್ಯಾಪಾರಕ್ಕೆ ಹುಟ್ಟಿದ ವಿಂಗಡಣೆಯಾದರೂ ಉಪಯೋಗಕ್ಕಿದೆ. ನೀವೇ ಪರೀಕ್ಷೆ ಮಾಡಿಕೊಳ್ಳಬಹುದು, ಖರ್ಚು ನಾಲ್ಕು ಚೂರು ಟಿಶ್ಯೂ ಪೇಪರ್.

ಬೆಳಿಗ್ಗೆ ಮುಖ ತೊಳೆದು, ಒತ್ತಿ ಒರೆಸಿ. ಏನೂ ಹಚ್ಚಬೇಡಿ. ಬಿಸಿಲಿಗೂ ಹೋಗದೆ ಒಂದು ಗಂಟೆ ಸುಮ್ಮನಿರಿ. ಆಮೇಲೆ ಹಣೆ, ಮೂಗು, ಕೆನ್ನೆ, ಗದ್ದಕ್ಕೆ ಒಂದೊಂದು ಚೂರು ಒತ್ತಿ ಬೆಳಕಿಗೆ ಹಿಡಿಯಿರಿ. ವಡೆ ಕಟ್ಟಿದ ಪೇಪರು ನೋಡಿದ್ದೀರಲ್ಲ, ಹಾಗೆ ಎಲ್ಲ ಚೂರೂ ಪಾರದರ್ಶಕವಾಗಿದ್ದರೆ ಎಣ್ಣೆ ಚರ್ಮ. ಹಣೆ, ಮೂಗು, ಗದ್ದದಲ್ಲಿ ಮಾತ್ರ ಕಲೆಯಿದ್ದು ಕೆನ್ನೆಯ ಚೂರು ಒಣಗಿದ್ದರೆ ಮಿಶ್ರ ಚರ್ಮ. ನಮ್ಮಲ್ಲಿ ಎಷ್ಟೋ ಹುಡುಗರದು ಇದೇ. ಎಲ್ಲೂ ಕಲೆಯಿಲ್ಲ, ಮುಖ ಬಿಗಿದಂತೆ, ಹೊಟ್ಟು ಎದ್ದಂತೆ ಇದ್ದರೆ ಒಣ. ಬಿಗಿತವೂ ಇಲ್ಲ, ಜಿಡ್ಡೂ ಅಷ್ಟಿಲ್ಲ ಅಂದರೆ ಸಾಮಾನ್ಯ, ಪುಣ್ಯವಂತರು! ಇವುಗಳ ಜೊತೆಗೆ, ಏನು ಹಚ್ಚಿದರೂ ಉರಿ-ಕೆಂಪು ಏಳುವ ಸೂಕ್ಷ್ಮ ಚರ್ಮದವರೂ ಇದ್ದಾರೆ.

ಒಮ್ಮೆ ಮಾಡಿದ ಪರೀಕ್ಷೆ ಜನ್ಮಕ್ಕೆಲ್ಲ ಅಲ್ಲ. ಮೇ ತಿಂಗಳಲ್ಲಿ ಜಿಡ್ಡಾಗಿದ್ದ ಮುಖ ಡಿಸೆಂಬರಿನಲ್ಲಿ ಮಿಶ್ರವಾಗಬಹುದು.

ಜಿಡ್ಡಿನಿಂದ ಮೊಡವೆಗೆ

ಎಣ್ಣೆ ಹೆಚ್ಚಾದರೆ ಮೊಡವೆ ಆಗಲೇಬೇಕೆಂದಿಲ್ಲ. ಅದಕ್ಕೆ ನಾಲ್ಕು ಪಾತ್ರಧಾರಿಗಳು ಸೇರಬೇಕು. ಒಂದು, ಹೆಚ್ಚಾದ ಎಣ್ಣೆ. ಎರಡು, ಸತ್ತ ಚರ್ಮದ ಪುಡಿ ಅಂಟಿಕೊಂಡು ರಂಧ್ರಕ್ಕೆ ಬೀಳುವ ಬಿರಡೆ. ಮೂರು, ಒಳಗೆ ಸಿಕ್ಕ ಎಣ್ಣೆಯನ್ನು ತಿಂದು ಬೆಳೆಯುವ ಕ್ಯೂಟಿಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ. ನಾಲ್ಕು, ಅದರ ಮೇಲೆ ನಮ್ಮ ಮೈ ಸಾರುವ ಯುದ್ಧ, ಅಂದರೆ ಊತ, ಕೆಂಪು, ಕೀವು.

ಮೂಗಿನ ಮೇಲಿನ ಕಪ್ಪು ಚುಕ್ಕೆ ಕೂಡ ಕೊಳೆಯಲ್ಲ. ಬಿರಡೆಯ ತುದಿ ಗಾಳಿಗೆ ತೆರೆದುಕೊಂಡು ಕಪ್ಪಾಗಿದ್ದು. ಸೋಪಿಗೆ ಅದು ಹೋಗದಿರುವುದು ಅದಕ್ಕೇ.

ಹುಡುಗರು ತಪ್ಪು ಮಾಡೋದು ಇಲ್ಲೇ. ಕೊಳೆ ಅಂದುಕೊಂಡು ದಿನಕ್ಕೆ ಆರು ಸಲ ಬಟ್ಟೆ ಒಗೆದಂತೆ ಮುಖ ಒಗೀತಾರೆ. ನಮ್ಮ ಚರ್ಮ ಸ್ವಲ್ಪ ಹುಳಿ ಸ್ವಭಾವದ್ದು, ಅದರ ಪಿಎಚ್ ಸುಮಾರು 5. ಮಾಮೂಲಿ ಸೋಪಿನದು 9-10. ಸೋಪು ಮೇಲಿನ ಎಣ್ಣೆಯನ್ನು ಒರೆಸುತ್ತೆ ನಿಜ. ಆದರೆ ಒಳಗಿನ ಗ್ರಂಥಿಗೆ ಅದರ ಸುದ್ದಿಯೇ ಮುಟ್ಟೋದಿಲ್ಲ; ಅದು ಕೇಳೋದು ಹಾರ್ಮೋನಿನ ಮಾತು ಮಾತ್ರ. ಉಜ್ಜಿದ ಚರ್ಮ ಉರಿದು, ಮೊಡವೆ ಇನ್ನಷ್ಟು ಕೆರಳುತ್ತೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಲೆ ಬೀಳುತ್ತೆ. ಟೂತ್‌ಪೇಸ್ಟ್ ಹಲ್ಲಿಗಿರಲಿ. ಹಿಸುಕುವ ಚಟವಂತೂ ಬೇಡವೇ ಬೇಡ. ಇವತ್ತಿನ ಗುಳ್ಳೆ ನಾಳೆ ಹೋಗುತ್ತೆ, ಹಿಸುಕಿದ ಗುಳಿ ಹೋಗೋದಿಲ್ಲ.

ಟ್ಯೂಬಿನಲ್ಲಿ ಬಂದ ವಿಲನ್

ಈಗ ಅಸಲಿ ವಿಷಯ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗನಿದ್ದಾನೆ. ಅಕ್ಕನ ಮದುವೆಗೆ ಮುಖ ತಿಳಿಯಾಗಲಿ ಅಂತ ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದ. ಚೀಟಿಯಿಲ್ಲ, ಡಾಕ್ಟರಿಲ್ಲ. ವಾರದಲ್ಲಿ ಪವಾಡ! ಮೊಡವೆ ಇಳಿಯಿತು, ಮುಖ ಬೆಳ್ಳಗೆ ಕಂಡಿತು. ಎಲ್ಲರೂ ‘ಏನಪ್ಪಾ, ಹೀರೋ ಆಗಿಬಿಟ್ಟೆ’ ಅಂದರು. ಮದುವೆ ಮುಗಿದರೂ ಅವನು ಬಿಡಲಿಲ್ಲ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಹಚ್ಚದೇ ಇದ್ದರೆ ಮುಖ ಕೆಂಡ. ಬಿಸಿಲಿಗೆ ನಿಲ್ಲೋ ಹಾಗಿಲ್ಲ. ಮೊದಲಿಗಿಂತ ಹೆಚ್ಚು ಗುಳ್ಳೆ. ಕೆನ್ನೆಯ ಮೇಲೆ ಕೆಂಪು ನರದ ಗೆರೆಗಳು. ಹುಡುಗ ಟಾಕೀಸಿಗೆ ಬರೋದನ್ನೇ ಬಿಟ್ಟ.

ಆ ಟ್ಯೂಬಿನಲ್ಲಿ ಇದ್ದದ್ದು ಸ್ಟೆರಾಯ್ಡ್. ಬೆಟಾಮೆಥಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇತ್ಯಾದಿ ಹೆಸರುಗಳು. ಇವು ಒಳ್ಳೆಯ ಔಷಧಿಗಳೇ. ಇಸುಬು, ಸೋರಿಯಾಸಿಸ್‌ಗೆ ಡಾಕ್ಟರು ಲೆಕ್ಕ ಹಾಕಿ, ದಿನ ಎಣಿಸಿ ಕೊಡ್ತಾರೆ. ಮುಖಕ್ಕೆ ಸ್ನೋ ಥರ ದಿನಾ ಬಳಿದರೆ ಚರ್ಮ ತೆಳುವಾಗುತ್ತೆ, ಅದಿಲ್ಲದೆ ಬದುಕೋದಿಲ್ಲ ಅನ್ನೋ ಸ್ಥಿತಿಗೆ ಬರುತ್ತೆ. ಕುಡಿತದ ಚಟದ ಹಾಗೆಯೇ! 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್‌ಗಳ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿತು. ಆದರೂ ಕೌಂಟರಿನ ಮೇಲಿನಿಂದ ಟ್ಯೂಬು ಜಾರುವುದು ನಿಂತಿಲ್ಲ.

ಇದರ ಹಿಂದೆ ಇರೋದು ಜಿಡ್ಡಿನ ಭಯ ಮಾತ್ರ ಅಲ್ಲ, ಬಿಳುಪಿನ ಹುಚ್ಚು. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಬಂದಾಗಿನಿಂದ ಜಾಹೀರಾತು ನಮಗೆ ಪಾಠ ಹೇಳುತ್ತಲೇ ಬಂದಿದೆ. 2020ರಲ್ಲಿ ಕಂಪನಿಯೇ ‘ಫೇರ್’ ಪದ ಕಿತ್ತು ‘ಗ್ಲೋ ಅಂಡ್ ಲವ್ಲಿ’ ಅಂತ ಹೆಸರು ಬದಲಿಸಿಕೊಂಡಿತು. ಹೆಸರು ಬದಲಾಯಿತು, ನಮ್ಮ ತಲೆ ಬದಲಾಗಬೇಡವೇ?

ಹಾಗಾದರೆ ಮಾಡೋದೇನು?

ಬಹಳ ಸರಳ. ದಿನಕ್ಕೆ ಎರಡು ಸಲ, ಬೆವರಿದ್ದರೆ ಇನ್ನೊಂದು ಸಲ, ಮೃದುವಾದ ಫೇಸ್‌ವಾಷಿನಿಂದ ಬೆರಳ ತುದಿಯಲ್ಲಿ ತೊಳೆಯಿರಿ. ಎಣ್ಣೆ ಚರ್ಮಕ್ಕೆ ಸ್ಯಾಲಿಸಿಲಿಕ್ ಆಮ್ಲ ಇರುವುದು ಒಳ್ಳೆಯದು, ಅದು ರಂಧ್ರದ ಬಿರಡೆ ಸಡಿಲಿಸುತ್ತೆ. ಒತ್ತಿ ಒರೆಸಿ, ಉಜ್ಜಬೇಡಿ. ಮಧ್ಯಾಹ್ನ ಹೊಳೆದರೆ ಟಿಶ್ಯೂ ಒತ್ತಿ ತೆಗೆಯಿರಿ. ಟಚಪ್ ಹುಡುಗನ ವಿದ್ಯೆ ನಿಮ್ಮ ಜೇಬಿನಲ್ಲೇ ಇರಲಿ. ಮುಲ್ತಾನಿ ಮಿಟ್ಟಿ ಎಣ್ಣೆ ಹೀರುತ್ತೆ, ವಾರಕ್ಕೊಮ್ಮೆ ಸಾಕು. ಎಣ್ಣೆ ಚರ್ಮಕ್ಕೂ ಜೆಲ್ ತರಹದ ತೆಳು ಮಾಯಿಶ್ಚರೈಸರು ಬೇಕು. ಬಿಸಿಲಿಗೆ ಹೋಗುವವರಿಗೆ ಸನ್‌ಸ್ಕ್ರೀನ್ ಜೆಲ್ ಬೇಕು. ಡಬ್ಬಿಯ ಮೇಲೆ ‘ನಾನ್‌ಕಾಮಿಡೋಜೆನಿಕ್’ ಅಂತಿದ್ದರೆ ರಂಧ್ರ ಮುಚ್ಚದ ಸರಕು ಅಂತ ಅರ್ಥ.

ಮೊಡವೆ ಜಾಸ್ತಿಯಿದ್ದರೆ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ನಾಚಿಕೆ ಬೇಡ, ಅಲ್ಲಿನ ಸಾಲಿನಲ್ಲಿ ನಿಮ್ಮ ವಯಸ್ಸಿನವರೇ ನಿಂತಿರ್ತಾರೆ. ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಅನ್ನೋ ಜೆಲ್‌ಗಳಿವೆ. ಮೊದಲನೆಯದು ಟವೆಲ್, ತಲೆದಿಂಬಿನ ಬಣ್ಣ ತೆಗೆಯುತ್ತೆ, ಅಮ್ಮನಿಗೆ ಮೊದಲೇ ಹೇಳಿಡಿ! ಇವುಗಳ ಗುಣ ಕಾಣಲು 8ರಿಂದ 12 ವಾರ ಬೇಕು. ಒಂದು ವಾರದಲ್ಲಿ ಪವಾಡ ಮಾಡಿದ ಟ್ಯೂಬಿದ್ದರೆ ಅನುಮಾನ ಪಡಿ. ಗಂಟು ಕಟ್ಟಿ ಕಲೆ ಬೀಳುವ ಮೊಡವೆಗೆ ಐಸೊಟ್ರೆಟಿನಾಯಿನ್ ಗುಳಿಗೆ ಇದೆ. ಅಮೆರಿಕದಲ್ಲಿ 1982ರಲ್ಲೇ ಒಪ್ಪಿಗೆ ಪಡೆದದ್ದು. ಅದು ತೈಲಗ್ರಂಥಿಯನ್ನೇ ಕುಗ್ಗಿಸುತ್ತೆ. ಆದರೆ ರಕ್ತಪರೀಕ್ಷೆ, ಡಾಕ್ಟರ ಕಣ್ಗಾವಲು ಇಲ್ಲದೆ ಮುಟ್ಟಬಾರದು. ಗರ್ಭಿಣಿಯರಂತೂ ಸೇವಿಸಲೇಬಾರದು, ಮಗುವಿಗೆ ಅಪಾಯ. ಈಗಾಗಲೇ ಸ್ಟೆರಾಯ್ಡ್ ಕ್ರೀಮಿಗೆ ಸಿಕ್ಕಿಬಿದ್ದವರು ಡಾಕ್ಟರಿಗೆ ತೋರಿಸಿಯೇ ಅದರಿಂದ ಹೊರಬನ್ನಿ.

ಗುಳಿಬಿದ್ದ ಮುಖದ ನಾಯಕ

ಕಲೆಯಿಲ್ಲದ ಮುಖ ಇದ್ದವರಿಗೇ ಸಿನಿಮಾ ಅಂತ ಯಾರು ಹೇಳಿದ್ದು? ಓಂ ಪುರಿ ಅವರನ್ನು ನೆನೆಸಿಕೊಳ್ಳಿ. ಮುಖದ ತುಂಬ ಗುಳಿಗಳು, ಬಾಲ್ಯದ ಸಿಡುಬಿನ ಗುರುತು. ಅದೇ ಮುಖ ಹೊತ್ತು ‘ಆರೋಹಣ್’, ‘ಅರ್ಧಸತ್ಯ’ ಚಿತ್ರಗಳಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಗೆದ್ದರು. 1999ರಲ್ಲಿ ಶಿವರಾಜ್‌ಕುಮಾರ್ ಅವರ ‘ಎ.ಕೆ. 47’ನಲ್ಲಿ ನಮ್ಮ ಕನ್ನಡಕ್ಕೂ ಬಂದರು. 2017ರಲ್ಲಿ ಅವರು ತೀರಿಕೊಂಡಾಗ ಜನ ನೆನೆದದ್ದು ಆ ಕಣ್ಣು, ಆ ಕಂಠವನ್ನು. ಗುಳಿ ಎಣಿಸುತ್ತಾ ಯಾರೂ ಕೂರಲಿಲ್ಲ.

ಇನ್ನು ಸಾಯಿ ಪಲ್ಲವಿ. ಕನ್ನಡಕ್ಕೆ ಹತ್ತಿರದ ಬಡಗ ನುಡಿಯ ನೀಲಗಿರಿಯ ಹುಡುಗಿ. 2015ರಲ್ಲಿ ಮಲಯಾಳದ ‘ಪ್ರೇಮಂ’ ಚಿತ್ರದಲ್ಲಿ ಕೆನ್ನೆಯ ಮೊಡವೆಗಳನ್ನು ಮುಚ್ಚದೆಯೇ ತೆರೆಗೆ ಬಂದರು. ತಮಗೆ ಅಳುಕಿತ್ತು ಅಂತ ಆಕೆಯೇ ಹೇಳಿಕೊಂಡಿದ್ದಾರೆ. ಆಗಿದ್ದೇನು? ‘ಮಲರ್ ಮಿಸ್’ಗೆ ಮನಸೋಲದ ಹುಡುಗ ಬೆಂಗಳೂರಿನಲ್ಲೂ ಇರಲಿಲ್ಲ! ಮುಂದೆ 2019ರಲ್ಲಿ ಬಿಳುಪಿನ ಕ್ರೀಮಿನ ಜಾಹೀರಾತನ್ನೂ ಆಕೆ ಒಲ್ಲೆ ಎಂದದ್ದು ಸುದ್ದಿಯಾಯಿತು. ಅವಳ ಮೊಡವೆಗೆ ಶಿಳ್ಳೆ ಹೊಡೆದವರು, ನಮ್ಮ ಮೊಡವೆಗೆ ಮಾತ್ರ ಯಾಕೆ ತಲೆ ತಗ್ಗಿಸಬೇಕು?

ಎಣ್ಣೆ ನಿಮ್ಮ ತಪ್ಪಲ್ಲ, ನಿಮ್ಮ ವಯಸ್ಸು. ಅದನ್ನು ಗದರಿಸಿದರೆ ಹೋಗೋದಿಲ್ಲ, ತಿಳಿದುಕೊಂಡು ನಡೆಸಿಕೊಂಡರೆ ಹದ್ದಿನಲ್ಲಿರುತ್ತೆ. ಈ ಪತ್ರಿಕೆ ಮಡಿಸಿಡುವ ಮೊದಲು ಒಂದು ಕೆಲಸ ಮಾಡಿ. ಮನೆಗೆ ಹೋಗಿ ನಿಮ್ಮ ಕನ್ನಡಿಯ ಹಿಂದೆ ಇಟ್ಟಿರುವ ಟ್ಯೂಬನ್ನು ತೆಗೆಯಿರಿ. ಹಿಂಬದಿಯ ಸಣ್ಣಕ್ಷರ ಓದಿ. ‘ಸೋನ್’, ‘ಸಾಲ್’ ಅಂತ ಮುಗಿಯುವ ಹೆಸರೇನಾದರೂ ಕಂಡರೆ ನಾಳೆ ಬೆಳಿಗ್ಗೆಯ ಮೊದಲ ಬಸ್ಸು ಡಾಕ್ಟರ ಹತ್ತಿರಕ್ಕೆ. ಸಿನಿಮಾ ಸಂಜೆ ನೋಡಿದರಾಯಿತು!